ಧೂಳು ಏಳುವ ಮುಂಚೆ, ಹೊಗೆ ಕಪ್ಪಾಗುವ ಮುಂಚೆ: ಕ್ವಾರಿ, ಕ್ರಷರ್ ನೋಡಿಕೊಳ್ಳುವವರಿಗೆ

ಬಂಡೆ ಒಡೆದು ಜಲ್ಲಿ ಮಾಡುವ ಕ್ರಷರ್‌ಗಳ ಮಾಲೀಕರು ಧೂಳು ತಡೆಯಲೆಂದು ದುಡ್ಡು ಸುರಿಯುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ವ್ಯರ್ಥ. ಧೂಳು ಎದ್ದು ಗಾಳಿ ಸೇರಿದ ಮೇಲೆ ಅದರ ಬೆನ್ನು ಹತ್ತಿ ಓಡುವುದೇ ಇದಕ್ಕೆ ಕಾರಣ. ದೊಡ್ಡ ಫ್ಯಾನಿಟ್ಟು ಆಕಾಶಕ್ಕೆ ನೀರು ಚಿಮ್ಮಿಸುವ ಮಿಸ್ಟ್ ಗನ್ ತಂದು ಗೇಟಿನ ಹತ್ತಿರ ನಿಲ್ಲಿಸುತ್ತಾರೆ, ಇನ್ಸ್‌ಪೆಕ್ಷನ್‌ಗೆ ಬಂದವರಿಗೆ ಚೆನ್ನಾಗಿ ಕಾಣುತ್ತದೆ. ಆ ದುಡ್ಡಿನ ಕಾಲು ಭಾಗವನ್ನು ಬಂಡೆಯನ್ನು ಮೊದಲು ಒಡೆಯುವ ಜಾ ಕ್ರಷರಿನ ಬಾಯಿಗೂ ಬೆಲ್ಟಿನಿಂದ ಕಲ್ಲು ಬೀಳುವ ಜಾಗಕ್ಕೂ ಹಾಕಿದ್ದರೆ ಗನ್ನೇ ಬೇಕಿರಲಿಲ್ಲ.

ನಾನು ಚಿಕ್ಕಬಳ್ಳಾಪುರದ ಕಡೆಯವನು. ಫಿಟರ್ ಆಗಿ ಸೇರಿ ಈಗ ಒಂದು ಪ್ಲಾಂಟ್ ನೋಡಿಕೊಳ್ಳುತ್ತೇನೆ. ಕಲ್ಲು ಬರುವುದು ಪಕ್ಕದ ನಮ್ಮದೇ ಕ್ವಾರಿಯಿಂದ. ಪಡುವಣ ದಿಕ್ಕಿಗೆ ನಮ್ಮ ಸೋದರಮಾವನ ಹಿಪ್ಪುನೇರಳೆ ತೋಟ ಇದೆ. ಹಾಗಾಗಿ ಮಾಲೀಕರ ಬೈಗುಳವೂ ರೈತರ ಬೈಗುಳವೂ ನನಗೆ ತಪ್ಪಿದ್ದಲ್ಲ. ಧೂಳು ಕೂತ ಸೊಪ್ಪನ್ನು ರೇಷ್ಮೆ ಹುಳ ಸರಿಯಾಗಿ ತಿನ್ನುವುದಿಲ್ಲ. ಒಂದು ಬೆಳೆಯ ಹೊತ್ತಿಗೆ ಮಾವ ಸೊಪ್ಪಿನ ಕಂತೆಯನ್ನೇ ತಂದು ನನ್ನ ಮೇಜಿನ ಮೇಲೆ ಕೊಡವಿ, "ಏನೋ, ನಿಮ್ಮ ಜಲ್ಲಿ ಪುಡಿ ನಮ್ ಹುಳಕ್ಕೆ ಉಪ್ಪಿನಕಾಯೇನೋ?" ಅಂದಿದ್ದರು. ಮೇಜಿನ ತುಂಬ ಬೂದಿ ಬಣ್ಣದ ಪುಡಿ.

ಮೊದಲು ನಿಮ್ಮ ಪ್ಲಾಂಟಿನಲ್ಲಿ ಧೂಳು ಎಲ್ಲಿಂದ ಏಳುತ್ತಿದೆ ಅಂತ ತಿಳಿದುಕೊಳ್ಳಿ. ಹಗಲಲ್ಲಿ ನೋಡಿದರೆ ಮೋಸ ಹೋಗುತ್ತೀರಿ. ಕಣ್ಣಿಗೆ ರಾಚುವ ದಪ್ಪ ಧೂಳು ಮೂಗಿನಲ್ಲೋ ಗಂಟಲಲ್ಲೋ ನಿಂತುಬಿಡುತ್ತದೆ. ಶ್ವಾಸಕೋಶದ ತಳ ಮುಟ್ಟುವುದು 10 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣದು, ಅದರಲ್ಲೂ 4-5 ಮೈಕ್ರಾನ್‌ಗಿಂತ ಕೆಳಗಿನದು. ಅದು ಬಿಸಿಲಲ್ಲಿ ಕಾಣುವುದೇ ಇಲ್ಲ. ಸಂಜೆ ಕತ್ತಲಾದ ಮೇಲೆ ಪ್ಲಾಂಟ್ ಓಡುತ್ತಿರುವಾಗ ಒಂದು ಒಳ್ಳೆಯ ಟಾರ್ಚನ್ನು ಸ್ಕ್ರೀನಿನ (ಜಲ್ಲಿಯನ್ನು ಸೈಜ್ ಪ್ರಕಾರ ಬೇರ್ಪಡಿಸುವ ಜರಡಿ ಯಂತ್ರ) ಪಕ್ಕ ಕಟ್ಟಿ. ನೀವು ಆಚೆ ಬದಿಗೆ ಹೋಗಿ, ಬಲ್ಬು ನೇರ ಕಣ್ಣಿಗೆ ಹೊಡೆಯದ ಹಾಗೆ ಅಂಗೈ ಅಡ್ಡ ಹಿಡಿದು, ಬೆಳಕಿನ ಕಡೆಗೇ ನೋಡಿ. ಹಗಲು ಏನೂ ಇಲ್ಲ ಅನ್ನಿಸಿದ್ದ ಜಾಗದಲ್ಲಿ ಹೊಗೆಯಂಥದ್ದು ಸುರುಳಿ ಸುತ್ತುತ್ತಾ ಹೋಗುವುದು ಕಾಣುತ್ತದೆ. ಯಾವ ಶೀಟಿನ ಸಂದಿಯಿಂದ ಬರುತ್ತಿದೆ ಅಂತ ಅವತ್ತೇ ಸೀಮೆಸುಣ್ಣದಲ್ಲಿ ಗುರುತು ಹಾಕಿಬಿಡಿ. ಸಾವಿರಾರು ರೂಪಾಯಿಯ ಮೀಟರ್ ಇಲ್ಲದೆ ಸೋರಿಕೆ ಹುಡುಕಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಡ್ರಿಲ್ಲಿಂಗ್ ಮತ್ತು ಬ್ಲಾಸ್ಟಿಂಗ್

ಇಡೀ ಕ್ವಾರಿಯಲ್ಲಿ ಅತಿ ಹೆಚ್ಚು ಧೂಳು ಕುಡಿಯುವವನು ಜಾಕ್ ಹ್ಯಾಮರ್ ಹಿಡಿದವನು. ರಂಧ್ರದಿಂದ ಉಕ್ಕುವ ಪುಡಿ ಅವನ ಮುಖಕ್ಕೇ ಬರುತ್ತದೆ. ನಮ್ಮ ಬಂಡೆಯಲ್ಲಿ ಬೆಣಚುಕಲ್ಲಿನ ಅಂಶ ಜಾಸ್ತಿ, ಅದೇ ಸಿಲಿಕಾ. ಇದಕ್ಕೆ ಒದ್ದೆ ಡ್ರಿಲ್ಲಿಂಗ್ ಬಿಟ್ಟರೆ ಬೇರೆ ದಾರಿ ಇಲ್ಲ. ಡ್ರಿಲ್ ರಾಡಿನ ಒಳಗಿಂದಲೇ ನೀರು ಹೋಗಿ ಬಿಟ್ಟಿನ ತುದಿಯಲ್ಲಿ ಬೀಳಬೇಕು. ಮೇಲಿಂದ ಮಗ್ಗಿನಲ್ಲಿ ನೀರು ಚೆಲ್ಲಿದರೆ ಪ್ರಯೋಜನವಿಲ್ಲ. ನೀರಿನ ಪ್ರೆಷರ್ ಗಾಳಿಯ ಪ್ರೆಷರಿಗಿಂತ ಸ್ವಲ್ಪ ಕಡಿಮೆ ಇರಲಿ, ಇಲ್ಲದಿದ್ದರೆ ನೀರು ಹಿಂದಕ್ಕೆ ಬಂದು ಹ್ಯಾಮರಿನ ಪಿಸ್ಟನ್ ಹಾಳಾಗುತ್ತದೆ. "ಸಾರ್, ನೀರು ಹಾಕಿದ್ರೆ ಮೆಷಿನ್ ಕೆಡುತ್ತೆ" ಅಂತ ಡ್ರಿಲ್ಲರ್‌ಗಳು ಹೇಳುವುದು ಈ ಕಾರಣಕ್ಕೇ. ರೆಗ್ಯುಲೇಟರ್ ಸರಿಯಿದ್ದರೆ ಕೆಡುವುದಿಲ್ಲ.

ದೊಡ್ಡ ಡಿಟಿಎಚ್ ಡ್ರಿಲ್ (ಹ್ಯಾಮರ್ ರಂಧ್ರದೊಳಗೇ ಇಳಿಯುವ ಯಂತ್ರ) ಇದ್ದರೆ ಡಸ್ಟ್ ಕಲೆಕ್ಟರ್ ಜೊತೆಗೇ ಕೊಟ್ಟಿರುತ್ತಾರೆ. ಆದರೆ ರಾಡಿನ ಸುತ್ತ ಇರುವ ರಬ್ಬರ್ ಪರದೆ ಹರಿದಿರುತ್ತದೆ, ಅಥವಾ ಆಪರೇಟರ್ ಅದನ್ನು ಎತ್ತಿ ಕಟ್ಟಿರುತ್ತಾನೆ. ಪರದೆಯ ಅಂಚಿಗೂ ನೆಲಕ್ಕೂ ಒಂದು ಗೇಣಿಗಿಂತ ಹೆಚ್ಚು ಸಂದಿಯಿದ್ದರೆ ಕಲೆಕ್ಟರ್ ಎಳೆಯುವುದು ಬರೀ ಹೊರಗಿನ ಗಾಳಿಯನ್ನು. ದಿನಾ ಬೆಳಿಗ್ಗೆ ಇದನ್ನು ನೋಡಿ.

ಬ್ಲಾಸ್ಟಿಂಗ್ ಬಗ್ಗೆ ಲೈಸೆನ್ಸ್ ಇರುವ ಬ್ಲಾಸ್ಟರ್ ಮಾತೇ ಅಂತಿಮ, ನಾನು ಧೂಳಿನ ಮಟ್ಟಿಗೆ ಮಾತ್ರ ಹೇಳುತ್ತೇನೆ. ಬೆಂಚಿನ (ಕ್ವಾರಿಯಲ್ಲಿ ಮೆಟ್ಟಿಲಿನಂತೆ ಕಡಿದ ಬಂಡೆ) ಮೇಲೆ ಡ್ರಿಲ್ ಮಾಡಿದ ಪುಡಿ ರಾಶಿ ಬಿದ್ದಿರುತ್ತದೆ, ಮೊದಲು ಅದನ್ನು ಗುಡಿಸಿ, ನೆಲ ನೆನೆಸಿ. ಚಳಿಗಾಲದ ಬೆಳಿಗ್ಗೆ ಮಂಜು ಇಳಿದಿರುವಾಗ ಬೇಡ. ತಣ್ಣಗಿನ ಗಾಳಿ ಮೇಲೇಳದೆ ಧೂಳೆಲ್ಲ ಗುಂಡಿಯಲ್ಲೂ ಊರಿನ ಮೇಲೂ ನಿಲ್ಲುತ್ತದೆ. ಮಧ್ಯಾಹ್ನ ಊಟದ ಹೊತ್ತು ವಾಸಿ. ಬಿಸಿಲು ಕಾದಿರುತ್ತದೆ, ಧೂಳು ಮೇಲೆದ್ದು ಚದುರುತ್ತದೆ, ಆಳುಗಳೂ ದೂರ ಇರುತ್ತಾರೆ. ಬ್ಲಾಸ್ಟ್ ಆದ ಮೇಲೆ ಕಿತ್ತಳೆ ಬಣ್ಣದ ಹೊಗೆ ಕಂಡರೆ ಯಾರನ್ನೂ ಹತ್ತಿರ ಬಿಡಬೇಡಿ. ಅದು ನೈಟ್ರೋಜನ್ ಡೈಆಕ್ಸೈಡ್. ಅದನ್ನು ಉಸಿರಿಗೆ ಎಳೆದುಕೊಂಡವನು ಆಗ ಆರಾಮಾಗಿಯೇ ಇದ್ದು, ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿ ಬೀಳಬಹುದು. ನೀರು ನಿಂತ ರಂಧ್ರಕ್ಕೆ ಎಎನ್‌ಎಫ್‌ಒ (ಅಮೋನಿಯಂ ನೈಟ್ರೇಟಿಗೆ ಡೀಸೆಲ್ ಬೆರೆಸಿದ ಸಿಡಿಮದ್ದು) ತುಂಬಿದರೆ ಹೀಗಾಗುತ್ತದೆ. ಒದ್ದೆ ರಂಧ್ರಕ್ಕೆ ನೀರು ತಾಳುವ ಎಮಲ್ಷನ್ ಸಿಡಿಮದ್ದು ಬಳಸಿ ಅಂತ ಬ್ಲಾಸ್ಟರ್‌ಗೆ ಹೇಳಿ.

ರಸ್ತೆ

ಕ್ವಾರಿಯಿಂದ ಕ್ರಷರ್‌ಗೆ ಬರುವ ಮಣ್ಣಿನ ರಸ್ತೆ ಇಡೀ ದಿನ ಧೂಳು ಎಬ್ಬಿಸುತ್ತದೆ. ಬ್ಲಾಸ್ಟ್ ಒಂದು ಕ್ಷಣದ ಮಾತು, ಟಿಪ್ಪರ್ ಓಡಾಟ ಹಾಗಲ್ಲ. ಲೆಕ್ಕ ಹೀಗೆ ಹಾಕಿ: 400 ಮೀಟರ್ ಉದ್ದ, 6 ಮೀಟರ್ ಅಗಲ ಅಂದರೆ 2,400 ಚದರ ಮೀಟರ್. ಚದರ ಮೀಟರಿಗೆ ಒಂದು ಲೀಟರಿನಂತೆ ಒಂದು ಸುತ್ತಿಗೆ 2,400 ಲೀಟರ್. 5,000 ಲೀಟರಿನ ಟ್ಯಾಂಕರ್‌ನಲ್ಲಿ ಎರಡು ಸುತ್ತು. ಬೇಸಿಗೆಯಲ್ಲಿ ಅದು ಬೇಗ ಒಣಗುತ್ತದೆ, ಹಾಗಂತ ಒಂದೇ ಸಲಕ್ಕೆ ಡಬ್ಬಲ್ ಹುಯ್ಯಬೇಡಿ. ಕೆಸರಾಗಿ ಟೈರಿಗೆ ಅಂಟಿ ಹೊರಗಿನ ಡಾಂಬರು ರಸ್ತೆಗೆ ಹೋಗುತ್ತದೆ, ಅಲ್ಲಿ ಒಣಗಿ ಊರವರ ಮೂಗಿಗೆ ಬರುತ್ತದೆ. ಟ್ಯಾಂಕರ್ ಹಿಂದೆ ತೂತು ಕೊರೆದ ಒಂದು ಅಡ್ಡ ಪೈಪು ಹಾಕಿಸಿ. ಹೋಸ್ ಹಿಡಿದು ಹುಡುಗನನ್ನು ನಿಲ್ಲಿಸಿದರೆ ಅವನು ಒಂದೇ ಕಡೆ ಹೊಳೆ ಹರಿಸುತ್ತಾನೆ.

ನೀರಿಗಿಂತ ಅಗ್ಗದ್ದು ವೇಗ ಇಳಿಸುವುದು. ಟಿಪ್ಪರ್ 40ರಲ್ಲಿ ಹೋಗುವುದನ್ನು 20ಕ್ಕೆ ತಂದರೆ ಹಿಂದೆ ಏಳುವ ಮೋಡ ಅರ್ಧಕ್ಕರ್ಧ ಕಡಿಮೆ. ಡ್ರೈವರ್‌ಗೆ ಟ್ರಿಪ್ ಲೆಕ್ಕದಲ್ಲಿ ಬಾಟಾ ಕೊಟ್ಟು, ಬೋರ್ಡಿನಲ್ಲಿ "ನಿಧಾನ" ಅಂತ ಬರೆದರೆ ಅವನು ಬೋರ್ಡು ಓದುವುದಿಲ್ಲ. ಬಾಟಾವನ್ನು ಶಿಫ್ಟ್ ಲೆಕ್ಕಕ್ಕೆ ಬದಲಿಸಿ. ಟಿಪ್ಪರ್ ತೊಟ್ಟಿಯ ಅಂಚಿನಿಂದ ಒಂದು ಗೇಣು ಕೆಳಗೇ ಲೋಡು ನಿಲ್ಲಿಸಿ, ಟಾರ್ಪಾಲು ಕಟ್ಟದೆ ಗಾಡಿ ತೂಗುವ ವೇ ಬ್ರಿಡ್ಜ್ ದಾಟಿಸಬೇಡಿ. ಗೇಟಿನಿಂದ ಒಳಕ್ಕೆ ಒಂದಷ್ಟು ದೂರ ಕಾಂಕ್ರೀಟ್ ಹಾಕಿಸಿದರೆ ಟೈರಿನ ಸವೆತವೂ ಕಡಿಮೆಯಾಗುತ್ತದೆ.

ಕ್ರಷರ್: ಎಷ್ಟು ನೀರು, ಎಲ್ಲಿ

ಕಲ್ಲಿನ ತೂಕದ ನೂರಕ್ಕೆ ಒಂದೂವರೆ ಪಾಲು ನೀರು ಸಾಕು. ಗಂಟೆಗೆ 100 ಟನ್ ಪ್ಲಾಂಟ್ ಆದರೆ 1,500 ಲೀಟರ್, ಎಲ್ಲ ನೋಜಲ್ ಸೇರಿ. ಒಂದು ಪಾಳಿ ಎಂಟು ಗಂಟೆಗೆ 12,000. ಇದಕ್ಕಿಂತ ಜಾಸ್ತಿ ಹಾಕಿದರೆ 6 ಎಂಎಂ ಜರಡಿಯ ಕಣ್ಣು ಕಟ್ಟಿಕೊಂಡು ಸ್ಕ್ರೀನ್ ಆಪರೇಟರ್ ಸದ್ದಿಲ್ಲದೆ ಇಡೀ ಸಿಸ್ಟಮ್ಮಿನ ವಾಲ್ವ್ ಮುಚ್ಚಿಬಿಡುತ್ತಾನೆ. ಎಷ್ಟೋ ಪ್ಲಾಂಟ್‌ಗಳಲ್ಲಿ ನೋಜಲ್ ಇದ್ದೂ ಧೂಳು ಏಳುವುದರ ಗುಟ್ಟು ಇದು.

ನೀರು ಎಲ್ಲಿ ಬೀಳಬೇಕು? ಮೊದಲು ಹಾಪರಿನಲ್ಲಿ, ಟಿಪ್ಪರ್ ಬೋಲ್ಡರ್ ಸುರಿಯುವಾಗ. ಆಮೇಲೆ ಜಾ ಬಾಯಲ್ಲಿ. ಇಷ್ಟಕ್ಕೆ ನಿಲ್ಲಿಸಿದರೆ ಸಾಲದು, ಯಾಕೆಂದರೆ ಕಲ್ಲು ಒಡೆದಾಗ ಒಳಗಿನ ಒಣ ಮೈ ಹೊರಗೆ ಬರುತ್ತದೆ, ಮೇಲಿನ ನೀರು ಅದಕ್ಕೆ ತಾಗಿರುವುದಿಲ್ಲ. ಹಾಗಾಗಿ ಜಾ ಕೆಳಗೆ, ಕೋನ್ (ಜಾ ನಂತರ ಇನ್ನೂ ಸಣ್ಣಗೆ ಒಡೆಯುವ ಕ್ರಷರ್) ಕೆಳಗೆ, ಒಂದು ಬೆಲ್ಟಿಂದ ಇನ್ನೊಂದು ಬೆಲ್ಟಿಗೆ ಬೀಳುವ ಪ್ರತಿ ಜಾಗದಲ್ಲೂ ಸ್ವಲ್ಪ ಸ್ವಲ್ಪ ಕೊಡಬೇಕು. ಸ್ಕ್ರೀನ್ ಮೇಲೆ ಕೊಡಬೇಡಿ, ಅದನ್ನು ಶೀಟಿನಿಂದ ಮುಚ್ಚಿ. ಕಲ್ಲು ನೆನೆಸಲು ದಪ್ಪ ಹನಿ, ಗಾಳಿಯಲ್ಲಿ ತೇಲುವ ಧೂಳು ಹಿಡಿಯಲು ಮಂಜಿನಂಥ ಸಣ್ಣ ಹನಿ. ದಪ್ಪ ಹನಿಯ ಸುತ್ತ ಗಾಳಿ ಹರಿದು ಹೋಗುತ್ತದೆ, ಅದರ ಜೊತೆ ಸಣ್ಣ ಧೂಳೂ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುತ್ತದೆ. ಮೂರು ಬದಿ ಮುಚ್ಚಿದ ಜಾಗದಲ್ಲಿ ಮಾತ್ರ ಮಿಸ್ಟ್ ಕೆಲಸ ಮಾಡುತ್ತದೆ, ಬಯಲಲ್ಲಿ ಗಾಳಿ ಹೊತ್ತುಕೊಂಡು ಹೋಗುತ್ತದೆ.

ನೋಜಲ್ ಕಟ್ಟಿಕೊಳ್ಳುವುದು ನಮ್ಮ ಕಡೆ ದೊಡ್ಡ ತಲೆನೋವು. ಸಾವಿರ ಅಡಿ ಬೋರಿನ ನೀರು ಗಡಸು, ಕ್ವಾರಿ ಗುಂಡಿಯ ಮಳೆ ನೀರಿನಲ್ಲಿ ಪಾಚಿ. ಗುಂಡಿ ನೀರೇ ವಾಸಿ ಅನ್ನುತ್ತೇನೆ, ಡ್ರಿಪ್ ಇರಿಗೇಷನ್‌ಗೆ ಬಳಸುವ ಸ್ಯಾಂಡ್ ಫಿಲ್ಟರ್, ಡಿಸ್ಕ್ ಫಿಲ್ಟರ್ ಇಟ್ಟರೆ ಪಾಚಿ ಬರುವುದಿಲ್ಲ. ಆ ಫಿಲ್ಟರ್ ಯಾವ ತಾಲ್ಲೂಕಿನಲ್ಲೂ ಸಿಗುತ್ತದೆ. ನೋಜಲ್ ಹಿತ್ತಾಳೆಯದಾದರೆ ವಾರಕ್ಕೊಮ್ಮೆ ಬಿಚ್ಚಿ ರಾತ್ರಿ ಹುಣಸೆಹಣ್ಣಿನ ನೀರಲ್ಲಿ ನೆನೆ ಹಾಕಿ, ಬೆಳಿಗ್ಗೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಸುಣ್ಣದ ಕೊಳೆ ಬಿಡುತ್ತದೆ. ತಂತಿ ಚುಚ್ಚಿ ತೂತು ಬಿಡಿಸುವವರಿದ್ದಾರೆ. ತೂತು ದೊಡ್ಡದಾಗಿ ಹನಿಯ ಬದಲು ಧಾರೆ ಬರುತ್ತದೆ. ಎರಡು ಸೆಟ್ ಇಟ್ಟುಕೊಂಡರೆ ಪ್ಲಾಂಟ್ ನಿಲ್ಲಿಸಬೇಕಾಗಿಲ್ಲ.

ಕಲ್ಲಿನಿಂದ ಮರಳು, ಅಂದರೆ ಎಂ ಸ್ಯಾಂಡ್, ಮಾಡುವ ವಿಎಸ್‌ಐ ಯಂತ್ರ ಬೇರೆ ಜಾತಿ. ಅದರ ರೋಟರ್ ಫ್ಯಾನಿನ ಹಾಗೇ ಗಾಳಿ ಊದುತ್ತದೆ, ಎಲ್ಲಿ ಸಂದಿ ಕಂಡರೂ ಪುಡಿ ಉಗುಳುತ್ತದೆ. ಇಲ್ಲಿ ನೀರು ಹಾಕದೆ ಒಣದಾಗಿಯೇ ಓಡಿಸುವುದಾದರೆ ಪೂರ್ತಿ ಮುಚ್ಚಿ, ಗಾಳಿ ಎಳೆದು, ಬ್ಯಾಗ್ ಫಿಲ್ಟರ್ (ಧೂಳು ಹಿಡಿಯುವ ಬಟ್ಟೆ ಚೀಲಗಳು) ಹಾಕಬೇಕು. ಒಂದೇ ಲೈನಿಗೆ ನೀರನ್ನೂ ಬ್ಯಾಗ್ ಫಿಲ್ಟರನ್ನೂ ಸೇರಿಸಬೇಡಿ. ತೇವ ಸೇರಿದರೆ ಬ್ಯಾಗಿನ ಮೇಲೆ ಪುಡಿ ರೊಟ್ಟಿಯಾಗಿ ಅಂಟುತ್ತದೆ, ಆಮೇಲೆ ಚೀಲ ಕೊಡವಲು ಎಷ್ಟು ಗಾಳಿಯ ಪಲ್ಸ್ ಹೊಡೆದರೂ ಉದುರುವುದಿಲ್ಲ. ಬ್ಯಾಗಿನ ಎರಡು ಬದಿಯ ಒತ್ತಡದ ವ್ಯತ್ಯಾಸ ತೋರಿಸುವ ಮ್ಯಾನೋಮೀಟರಿನ ರೀಡಿಂಗ್ ದಿನಾ ಬರೆದಿಡಿ. ರೀಡಿಂಗ್ ಏರುತ್ತಾ ಹೋದರೆ ಬ್ಯಾಗ್ ಕಟ್ಟಿದೆ, ದಿಢೀರನೆ ಬಿದ್ದರೆ ಎಲ್ಲೋ ಹರಿದಿದೆ. ಫಿಲ್ಟರ್ ಕೆಳಗೆ ಕೂಡಿದ ಹಿಟ್ಟಿನಂಥ ಪುಡಿಯನ್ನು ನೀರು ಕಲಸಿಯೇ ಹೊರಗೆ ತೆಗೆಯಿರಿ. ಹಗಲೆಲ್ಲ ಲಕ್ಷಗಟ್ಟಲೆಯ ಯಂತ್ರದಲ್ಲಿ ಹಿಡಿದದ್ದನ್ನು ರಾತ್ರಿ ಹಳ್ಳದ ದಂಡೆಗೆ ಸುರಿದು ಬರುವ ಟ್ರ್ಯಾಕ್ಟರ್‌ಗಳನ್ನು ನಾನು ನೋಡಿದ್ದೇನೆ.

ಬೆಲ್ಟಿನ ತುದಿಗೂ ರಾಶಿಗೂ ನಡುವಿನ ಎತ್ತರ ಒಂದು ಮೀಟರಿಗಿಂತ ಕಡಿಮೆ ಇರುವ ಹಾಗೆ ಟೆಲಿಸ್ಕೋಪಿಕ್ ಚ್ಯೂಟ್ (ಉದ್ದ ಹೆಚ್ಚು ಕಡಿಮೆ ಮಾಡಬಹುದಾದ ಕೊಳವೆ) ಹಾಕಿ. ಅದಕ್ಕೆ ದುಡ್ಡಿಲ್ಲದಿದ್ದರೆ ಹಳೇ ಬೆಲ್ಟ್ ತುಂಡುಗಳನ್ನು ಉಂಗುರದ ಹಾಗೆ ಸುತ್ತಿ, ಚೈನಿನಲ್ಲಿ ಒಂದರ ಕೆಳಗೊಂದು ನೇತು ಹಾಕಿ. ಡಸ್ಟ್ (ಕಲ್ಲು ಪುಡಿ) ರಾಶಿಯನ್ನು ಮೂರು ಕಡೆ ಗೋಡೆಯ ಒಳಗೆ ಇಟ್ಟು ಶೇಡ್ ನೆಟ್ ಹೊದಿಸಿ. ಸುತ್ತ ಹೊಂಗೆ, ಬೇವು, ಸರ್ವೆ ನೆಡಿ. ಮರ ಬೆಳೆಯಲು ವರ್ಷಗಳು ಬೇಕು, ಅಲ್ಲಿವರೆಗೆ ಜಿಐ ಶೀಟಿನ ಗೋಡೆಯೇ ಗತಿ.

ಆಳುಗಳು

ಪಾಳಿ ಮುಗಿದಾಗ ಎಲ್ಲ ಕ್ವಾರಿಯಲ್ಲೂ ನಡೆಯುವ ಒಂದು ಕೆಲಸ ಇದೆ: ಕಂಪ್ರೆಸರ್ ಹೋಸ್ ತೆಗೆದುಕೊಂಡು ಒಬ್ಬರ ಬಟ್ಟೆಗೆ ಇನ್ನೊಬ್ಬರು ಗಾಳಿ ಬಿಡುವುದು. ಬೆನ್ನು, ತಲೆ, ಕಾಲರ್, ಆಮೇಲೆ ಮುಖಕ್ಕೂ ಒಂದು ಸಲ. ಇಡೀ ದಿನ ಬಟ್ಟೆಯಲ್ಲಿ ಕೂತಿದ್ದ ಸಣ್ಣ ಧೂಳು ಒಂದೇ ನಿಮಿಷದಲ್ಲಿ ಇಬ್ಬರ ಎದೆಗೂ ಹೋಗುತ್ತದೆ. ಇದನ್ನು ನಿಲ್ಲಿಸಬೇಕಾದರೆ ಬೈದರೆ ಆಗುವುದಿಲ್ಲ, ಸ್ನಾನಕ್ಕೆ ನೀರು, ಬಟ್ಟೆ ಬಿಡಲು ಒಂದು ರೂಮು, ಒಗೆಯಲು ಒಂದು ವಾಷಿಂಗ್ ಮೆಷಿನ್ ಇರಬೇಕು. ಧೂಳಿನ ಬಟ್ಟೆ ಮನೆಗೆ ಹೋದರೆ ಮಗುವಿಗೂ ಅದೇ.

ಮುಖಕ್ಕೆ ಸುತ್ತುವ ಟವೆಲ್ ಸಣ್ಣ ಧೂಳನ್ನು ತಡೆಯುವುದಿಲ್ಲ. ಎನ್95 ಕೊಡಿ, ಗಡ್ಡ ಇದ್ದವನಿಗೆ ಅದೂ ಅಂಚಿನಲ್ಲಿ ಸೋರುತ್ತದೆ. ಮಾಸ್ಕ್ ಕೊನೆಯ ಅಡ್ಡಗೋಡೆ ಅಷ್ಟೇ, ನೀರಿನ ಬದಲಿಗೆ ಅಲ್ಲ. ಸಿಲಿಕಾ ಧೂಳಿನಿಂದ ಶ್ವಾಸಕೋಶ ಕೆಡುವ ಸಿಲಿಕೋಸಿಸ್ ಬಂದರೆ ವಾಸಿ ಮಾಡುವ ಔಷಧಿ ಇಲ್ಲ, ಅದರ ಮೇಲೆ ಕ್ಷಯವೂ ಸುಲಭವಾಗಿ ಅಂಟುತ್ತದೆ. ಎಕ್ಸ್‌ರೇಯಲ್ಲಿ ಎರಡನ್ನೂ ಗೊಂದಲ ಮಾಡಿಕೊಳ್ಳುವುದುಂಟು, ಆದ್ದರಿಂದ ಡಾಕ್ಟರಿಗೆ "ಕಲ್ಲು ಕ್ವಾರಿಯಲ್ಲಿ ಕೆಲಸ" ಅಂತ ಹೇಳಿಯೇ ತೋರಿಸಬೇಕು. ಇದು ನಮಗೆ ಹೊಸ ರೋಗವೇನಲ್ಲ. ಪಕ್ಕದ ಕೋಲಾರದ ಚಿನ್ನದ ಗಣಿಯವರಿಗಾಗಿ ಮೈಸೂರು ಸಂಸ್ಥಾನ 1940ರಲ್ಲೇ ಸಿಲಿಕೋಸಿಸ್ ಪರಿಹಾರದ ನಿಯಮ ಮಾಡಿತ್ತು.

ಹೊಗೆ

ಧೂಳು ಬೇರೆ, ಹೊಗೆ ಬೇರೆ ಅಂತ ಎರಡು ಫೈಲ್ ಮಾಡುತ್ತಾರೆ. ಮೆಕ್ಯಾನಿಕ್ ಕಣ್ಣಿಗೆ ಅವು ಒಂದೇ. ಧೂಳು ಏರ್ ಫಿಲ್ಟರ್ ಕಟ್ಟಿಸುತ್ತದೆ, ಇಂಜಿನ್‌ಗೆ ಗಾಳಿ ಸಾಲದೆ ಡೀಸೆಲ್ ಅರೆಬರೆ ಉರಿಯುತ್ತದೆ, ಸೈಲೆನ್ಸರಿನಿಂದ ಕರಿ ಹೊಗೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಖಚಿತವಾಗಿ ಹೇಳಿದೆ. ಸಿಲಿಕಾ ಧೂಳೂ ಅದೇ ಪಟ್ಟಿಯಲ್ಲಿದೆ.

ಹಿಟಾಚಿ (ಅಗೆಯುವ ಯಂತ್ರ) ಆಪರೇಟರ್ ಏರ್ ಫಿಲ್ಟರ್ ಹೊರಗೆ ತೆಗೆದು ಟ್ರ್ಯಾಕಿಗೆ ಪಟಪಟ ಬಡಿಯುತ್ತಾನೆ. ಪೇಪರ್ ಮಡಿಕೆ ಒಳಗೇ ಹರಿದು, ಅಂದಿನಿಂದ ಇಂಜಿನ್ ಕಲ್ಲು ಪುಡಿ ತಿನ್ನುತ್ತದೆ. ಲೈನರ್ ಸವೆದು ನೀಲಿ ಹೊಗೆ ಶುರು. ಗಾಳಿ ಹೊಡೆಯಲೇಬೇಕಾದರೆ ಒಳಗಿನಿಂದ ಹೊರಕ್ಕೆ, ಎರಡು ಬಾರ್ ಪ್ರೆಷರ್ ಮೀರದ ಹಾಗೆ. ಒಳಗಿನ ಸಣ್ಣ ಸೇಫ್ಟಿ ಫಿಲ್ಟರ್ ತೊಳೆಯುವುದೂ ಇಲ್ಲ, ಊದುವುದೂ ಇಲ್ಲ, ಹೊಸದು ಹಾಕುವುದೇ. ಫಿಲ್ಟರ್ ಡಬ್ಬದ ಕೆಳಗಿನ ರಬ್ಬರ್ ಬಾಯನ್ನು ದಿನಾ ಒಮ್ಮೆ ಹಿಂಡಿದರೆ ಹಿಡಿಯಷ್ಟು ಪುಡಿ ಉದುರುತ್ತದೆ. ಇಂಡಿಕೇಟರ್ ಕೆಂಪಾದಾಗ ಮಾತ್ರ ಫಿಲ್ಟರ್ ಮುಟ್ಟಿ, ಪದೇ ಪದೇ ತೆಗೆದಷ್ಟೂ ಧೂಳು ಒಳಗೆ ಹೋಗುವುದೇ ಜಾಸ್ತಿ.

ಹೊಗೆಯ ಬಣ್ಣ ನೋಡಿ ಕಾಯಿಲೆ ಹೇಳಬಹುದು. ಕರಿಯದು ಗಾಳಿ ಕಡಿಮೆ, ಇಲ್ಲಾ ಇಂಜೆಕ್ಟರ್ ಕೆಟ್ಟಿದೆ, ಇಲ್ಲಾ ಓವರ್‌ಲೋಡ್. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ಬಿಳಿಯದು ತಣ್ಣಗಿನ ಇಂಜಿನ್‌ನಲ್ಲಿ ಸ್ವಲ್ಪ ಹೊತ್ತು ಬಂದರೆ ಚಿಂತೆಯಿಲ್ಲ, ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೋರುತ್ತಿರಬಹುದು. ರಸ್ತೆಯ ಏರು ಜಾಸ್ತಿ ಇದ್ದರೂ ಗುಂಡಿ ಬಿದ್ದಿದ್ದರೂ ಟಿಪ್ಪರ್ ಫಸ್ಟ್ ಗೇರಿನಲ್ಲಿ ಏದುಸಿರು ಬಿಡುತ್ತದೆ. ಗ್ರೇಡಿಂಗ್ ಮಾಡಿಸಿದರೆ ಹೊಗೆಯೂ ಇಳಿಯುತ್ತದೆ, ಡೀಸೆಲ್ಲೂ ಉಳಿಯುತ್ತದೆ. ಲೋಡಿಂಗ್‌ಗೆ ಸಾಲು ನಿಂತ ಟಿಪ್ಪರ್‌ಗಳು ಐದು ನಿಮಿಷಕ್ಕಿಂತ ಹೆಚ್ಚು ಕಾಯುವುದಾದರೆ ಆಫ್ ಮಾಡಲಿ. ಏರು ಹತ್ತಿ ಬಂದ ಟರ್ಬೊ ಇಂಜಿನ್ ಎರಡು ಮೂರು ನಿಮಿಷ ಐಡಲ್ ಓಡಿ ತಣಿದ ಮೇಲೆ ಆಫ್ ಆಗಲಿ.

ಹೊಗೆಯ ವಿಷಾನಿಲ ಇಳಿಸಲು ಹಾಕುವ ಆಡ್‌ಬ್ಲೂ ಉಳಿಸಲು ಬಿಎಸ್-6 (ಹೊಸ ಹೊಗೆ ನಿಯಮದ) ಟಿಪ್ಪರಿಗೆ ಸರ್ಕ್ಯೂಟ್ ಹಾಕಿ ಬೈಪಾಸ್ ಮಾಡಿಕೊಡುವ ಗ್ಯಾರೇಜುಗಳಿವೆ. ಡೀಸೆಲ್ಲಿನ ನೂರಕ್ಕೆ ಮೂರರಿಂದ ಐದು ಪಾಲು ಹೋಗುವ ದ್ರವ ಅದು. ಅಷ್ಟು ಉಳಿಸಲು ಹೋಗಿ ಗಾಡಿಯನ್ನು ಹಳೇ ಕಾಲದ ಹೊಗೆಗೆ ಇಳಿಸುತ್ತಾರೆ. ನನ್ನ ಪ್ಲಾಂಟಿನಲ್ಲಿ ಅಂಥ ಗಾಡಿಗೆ ಲೋಡ್ ಇಲ್ಲ.

ಜನರೇಟರ್ ಸಾಧ್ಯವಾದಷ್ಟು ಬಿಟ್ಟು ಎಚ್‌ಟಿ (ಹೈ ಟೆನ್ಷನ್) ಕರೆಂಟ್ ಲೈನ್ ತೆಗೆದುಕೊಳ್ಳಿ. ಬೇಕೇ ಬೇಕಾದರೆ, 2023ರ ಜುಲೈ 1ರಿಂದ 800 ಕಿಲೋವ್ಯಾಟ್‌ವರೆಗಿನ ಹೊಸ ಸೆಟ್‌ಗಳಿಗೆ ಸಿಪಿಸಿಬಿ-4 ಪ್ಲಸ್ ಎಂಬ ಹೊಗೆ ನಿಯಮ ಬಂದಿದೆ, ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಕ್ಕಿತು ಅಂತ ಹಳೆಯದನ್ನು ತರಬೇಡಿ. ಚಿಮಣಿಯ ಎತ್ತರಕ್ಕೆ ಲೆಕ್ಕ ಇದೆ: ಕೆವಿಎಯ (ಜನರೇಟರಿನ ಸಾಮರ್ಥ್ಯ) ವರ್ಗಮೂಲವನ್ನು 0.2ರಿಂದ ಗುಣಿಸಿ ಕಟ್ಟಡದ ಎತ್ತರಕ್ಕೆ ಕೂಡಿ. 250 ಕೆವಿಎ ಸೆಟ್, 4 ಮೀಟರ್ ಶೆಡ್ ಅಂದರೆ ಸುಮಾರು 7.2 ಮೀಟರ್. ಜನರೇಟರ್ ಗಾಳಿ ಎಳೆಯುವ ಬದಿ ಸ್ಕ್ರೀನಿನ ಕಡೆಗೆ ಮುಖ ಮಾಡದಿರಲಿ.

ಕಾಗದದ ಲೆಕ್ಕ, ಗಾಳಿಯ ಲೆಕ್ಕ

ಕ್ರಷರ್‌ಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರವೂ 2011ರ ಕರ್ನಾಟಕ ಕ್ರಷರ್ ಕಾಯ್ದೆಯಡಿ ಲೈಸೆನ್ಸೂ ಬೇಕು. ಯಂತ್ರದಿಂದ 3ರಿಂದ 10 ಮೀಟರ್ ಒಳಗೆ ಅಳೆದಾಗ ಗಾಳಿಯಲ್ಲಿ ತೇಲುವ ಧೂಳು ಘನ ಮೀಟರಿಗೆ 600 ಮೈಕ್ರೋಗ್ರಾಂ ದಾಟಬಾರದು. ಇದು ಕ್ರಷರಿನದು. ಕ್ವಾರಿ ಒಳಗೆ ಆಳಿನ ಉಸಿರಿಗೆ ಗಣಿ ನಿಯಮದ ಇನ್ನೊಂದು ಲೆಕ್ಕ: ಉಸಿರಿಗೆ ಹೋಗುವ ಧೂಳಿನಲ್ಲಿ ಸಿಲಿಕಾ ನೂರಕ್ಕೆ ಎಷ್ಟಿದೆಯೋ ಅದರಿಂದ 15ನ್ನು ಭಾಗಿಸಿ. ಸಿಲಿಕಾ 30 ಇದ್ದರೆ ಮಿತಿ ಘನ ಮೀಟರಿಗೆ ಅರ್ಧ ಮಿಲಿಗ್ರಾಂ. ಮೊದಲನೆಯದರಲ್ಲಿ ಪಾಸಾದ ಪ್ಲಾಂಟ್ ಎರಡನೆಯದರಲ್ಲಿ ಫೇಲ್ ಆಗಬಹುದು, ಆದ್ದರಿಂದ ಲ್ಯಾಬಿನವರಿಗೆ ಎರಡನ್ನೂ ಅಳೆಯಲು ಹೇಳಿ. ಲ್ಯಾಬಿನವರು ಬರುವ ದಿನ ಮಾತ್ರ ನೀರು ಹಾಯಿಸುವುದು ಎಲ್ಲರಿಗೂ ಗೊತ್ತಿರುವ ಆಟ, ಆ ರಿಪೋರ್ಟ್ ನಿಮಗೇ ಕೆಲಸಕ್ಕೆ ಬರುವುದಿಲ್ಲ.

ಗಾಳಿ ದಿಕ್ಕು ನೋಡಿಕೊಂಡು ಕೆಲಸ ಹಂಚಿ. ಮಳೆಗಾಲದಲ್ಲಿ ಪಡುವಣ ಗಾಳಿ, ದೀಪಾವಳಿ ಕಳೆದ ಮೇಲೆ ಮೂಡಣ ಗಾಳಿ. ನಮ್ಮ ಪ್ಲಾಂಟಿನ ಪಡುವಣಕ್ಕಿರುವ ಹಿಪ್ಪುನೇರಳೆಗೆ ಹೊಡೆತ ಬೀಳುವುದು ಚಳಿಗಾಲದಲ್ಲಿ, ಮಾವು ಹೂ ಬಿಡುವುದೂ ಅದೇ ಹೊತ್ತಿಗೆ. ಸುತ್ತಲಿನ ರೇಷ್ಮೆಯವರು ಹುಳು ತರುವ ದಿನ ನನಗೆ ಫೋನ್ ಮಾಡುತ್ತಾರೆ; ಸೊಪ್ಪು ಕೊಯ್ಯುವ ಬೆಳಗಿನ ಹೊತ್ತು ವಿಎಸ್‌ಐ ಓಡಿಸುವುದಿಲ್ಲ, ಮಧ್ಯಾಹ್ನ ಹಾಕುತ್ತೇವೆ. ಮಾಲೀಕರಿಗೆ ಒಪ್ಪಿಸಲು ಹೆಚ್ಚು ಕಷ್ಟವಾಗಲಿಲ್ಲ, ಒಂದು ದೂರಿನ ಮೇಲೆ ಪ್ಲಾಂಟ್ ನಿಂತರೆ ಎಷ್ಟು ನಷ್ಟ ಅಂತ ಅವರಿಗೇ ಚೆನ್ನಾಗಿ ಗೊತ್ತು.

ಏಪ್ರಿಲ್ ಬಂತೆಂದರೆ ಬೋರು ಕೈಕೊಡುತ್ತದೆ. ನೀರು ಕಮ್ಮಿಯಾದಾಗ ಎಲ್ಲಿ ಕಡಿತ ಮಾಡಬೇಕು ಅಂತ ಮುಂಚೆಯೇ ಬರೆದು ಪಂಪ್ ಹೌಸ್ ಗೋಡೆಗೆ ಅಂಟಿಸಿ. ಮೊದಲು ಗಿಡಕ್ಕೆ ಹಾಯಿಸುವುದನ್ನು ಟೈರ್ ತೊಳೆದ ನೀರಿಗೆ ಬದಲಿಸಿ. ಆಮೇಲೆ ರಸ್ತೆಗೆ ಅರ್ಧ ಮಾಡಿ, ಟಿಪ್ಪರ್ ಟ್ರಿಪ್‌ಗಳನ್ನೂ ಅರ್ಧಕ್ಕೆ ಇಳಿಸಿ. ಡ್ರಿಲ್ಲಿಗೂ ಜಾ ಬಾಯಿಗೂ ಮಾತ್ರ ಕೈ ಹಚ್ಚಬೇಡಿ. ಅವೆರಡಕ್ಕೂ ನೀರು ಸಾಲದ ದಿನ ಪ್ಲಾಂಟ್ ಸ್ವಿಚ್ ಹಾಕದೆ ಚ್ಯೂಟ್ ವೆಲ್ಡಿಂಗ್, ಬೆಲ್ಟ್ ಸ್ಕ್ರೇಪರ್ ಬದಲಾವಣೆ ಇಟ್ಟುಕೊಳ್ಳಿ. ಮೇಂಟೆನೆನ್ಸ್ ಬಾಕಿ ಇಲ್ಲದ ಕ್ರಷರ್ ನಾನಂತೂ ಇನ್ನೂ ನೋಡಿಲ್ಲ.